ನಾಯಿಹೆಜ್ಜೆಯ ಇಟ್ಟಿಗೆ

“ಚಾಪೆ! ಹಳೇ ಚಾಪೆ!” ಎಂದು ಮೊದಲು ಕೂಗಿದವನು ಜಬಾಲಾನೇ.

ದಿಬ್ಬದಡಿಯಿಂದ ಅಗೆದು ತೆಗೆಯುತ್ತಿದ್ದ ಹಳೆಯ ಅರಮನೆಯ ಪೂರ್ವ ಗೋಡೆಯ ಬುಡದಲ್ಲಿ ಅವನು ಮಂಡಿಯೂರಿದ್ದ. ಗುದ್ದಲಿ ಬದಿಗಿಟ್ಟು ಚಾಕುವಿನ ತುದಿಯಲ್ಲಿ ಮಣ್ಣು ಕೆರೆಯುತ್ತಿದ್ದ. ನಮ್ಮ ಕಡೆಯದು ಉಪ್ಪು ಮಣ್ಣು. ಅಗೆಯುವವನ ಬೆರಳ ಸಂದು ಸೀಳುತ್ತದೆ. ಹೊರುವವನ ಬೆನ್ನ ಮೇಲೆ ಬೆವರಿನ ಜೊತೆ ಇಳಿದು ಚರ್ಮ ಸುಲಿಯುತ್ತದೆ. ಅವನ ಹಿಂದೆ ಬುಟ್ಟಿ ಹೊತ್ತವರ ಸಾಲು ಹಳ್ಳದ ತಳದಿಂದ ಮಣ್ಣು ಸಾಗಿಸುವ ಕಂಬಿಗಾಡಿಯವರೆಗೆ ಹಬ್ಬಿತ್ತು. ನೂರಾ ಎಂಬತ್ತು ಜನ. ಬೆಳಗಿನಿಂದ ಹಾಡುತ್ತಿದ್ದ ಸಾಲು ಅವನ ಕೂಗಿಗೆ ತಟ್ಟನೆ ನಿಂತಿತು.

ಅಗೆತ ನಡೆಸುವ ಇಂಗ್ಲಿಷ್ ಸಾಹೇಬ ಓಡಿಬಂದ. ಟೋಪಿ ಹಿಂದಕ್ಕೆ ತಳ್ಳಿ ಬಗ್ಗಿ ನೋಡಿದ. ಮಣ್ಣಿನಲ್ಲಿ ಕಂದುಬಣ್ಣದ ಹೆಣಿಗೆ, ಅಂಗೈ ಅಗಲ ಕಾಣುತ್ತಿತ್ತು. ಜೊಂಡಿನ ಚಾಪೆ. ನಾಲ್ಕೂವರೆ ಸಾವಿರ ವರ್ಷದ ಹಿಂದೆ ಇಲ್ಲಿನವರು ಹೆಣವನ್ನು ಚಾಪೆಯಲ್ಲಿ ಸುತ್ತಿ ಹೂಳುತ್ತಿದ್ದರು. ಅರಮನೆ ಸುಟ್ಟುಬಿದ್ದ ಮೇಲೆ ಊರಿನವರು ಅದರ ಕೋಣೆಗಳಲ್ಲೇ ಗೋರಿ ತೋಡಿದ್ದರು. ನೂರಾ ಹನ್ನೊಂದು ಗೋರಿಗಳನ್ನು ನಾವು ಬಿಚ್ಚಿದ್ದೆವು. ಒಂದರಲ್ಲೂ ಚಾಪೆ ಇಡಿಯಾಗಿ ಉಳಿದಿರಲಿಲ್ಲ. ಲಂಡನ್ನಿನ ವಸ್ತುಸಂಗ್ರಹಾಲಯದಿಂದ ಚಾಪೆ ಚಾಪೆ ಎಂದು ಮೂರು ಪತ್ರ ಬಂದಿದ್ದವು.

“ಶಾಬಾಷ್, ಜಬಾಲಾ,” ಎಂದು ಸಾಹೇಬ ಅವನ ಬೆನ್ನು ತಟ್ಟಿದ.

ಜಬಾಲಾ ನನ್ನ ಕಡೆ ತಿರುಗಿದ. “ಅರಮನೆ ಯಾರದ್ದೇ ಆಗ್ಲಿ ಅಫಂದಿ, ಕೊನೆಗೆ ನಮ್ಮಂಥೋರ ಕೈಗೇ ಬರುತ್ತೆ ನೋಡಿ. ಹೆಣ ಹೂಳೋಕೆ.”

ಸಾಲಿಗೆ ಸಾಲೇ ನಕ್ಕಿತು. ನಾನೂ ನಕ್ಕೆ.

ಜಬಾಲಾ ಎಂದರೆ ತಿಪ್ಪೆ. ಅವನ ತಾಯಿ ವಬ್ರಿಯ್ಯಾ ಹೆತ್ತ ಐದು ಗಂಡು ಕೂಸುಗಳು ಉಳಿಯಲಿಲ್ಲ. ಆರನೆಯದಕ್ಕೆ ತಿಪ್ಪೆ ಎಂದು ಹೆಸರಿಟ್ಟಳು. ಸಾವು ಮೂಸಿ ನೋಡಿ ಮುಂದೆ ಹೋಗಲಿ ಎಂದು. ಹೋಯಿತು. ಅವನಿಗಿಂತ ಮೊದಲು ಹುಟ್ಟಿದ ಅಕ್ಕ ಬಾಶಿಯಾ ಮಾತ್ರ ಯಾವ ಉಪಾಯವೂ ಇಲ್ಲದೆ ಬದುಕಿದಳು. “ನನ್ನ ಯಾರು ಒಯ್ತಾರೆ, ಸಾವಿಗೂ ಹೆಣ್ಣು ಬೇಡ,” ಎನ್ನುತ್ತಿದ್ದಳು. ಅವಳು ಜೊಂಡಿನ ಚಾಪೆ ಹೆಣೆಯುವವಳು. ಅಗೆತದ ದಿನಗಳಲ್ಲಿ ಆಳುಗಳಿಗೆ ರೊಟ್ಟಿ ಸುಟ್ಟು ತರುತ್ತಿದ್ದಳು.

ನಾನು ಹಿಲ್ಲಾದವನು. ಬಗ್ದಾದಿನಲ್ಲಿ ಓದಿ ಮುಗಿಸಿದವನು, ಅದಕ್ಕೇ ಆಳುಗಳ ಬಾಯಲ್ಲಿ ಅಫಂದಿ. ಸಾಹೇಬನ ಮಾತನ್ನು ಆಳುಗಳಿಗೆ, ಆಳುಗಳ ಮಾತನ್ನು ಸಾಹೇಬನಿಗೆ ದಾಟಿಸುವುದು, ಸಿಕ್ಕಿದ್ದನ್ನೆಲ್ಲ ದಫ್ತರದಲ್ಲಿ ಬರೆಯುವುದು ನನ್ನ ಕೆಲಸ. ನನ್ನ ಬೆರಳು ಸೀಳಿರಲಿಲ್ಲ.

ಎಲುಬು ಕಂಡ ಮೇಲೆ ನಮ್ಮವರಿಗೆ ಅಲ್ಲಿ ಜಾಗವಿಲ್ಲ. ಜಬಾಲಾನನ್ನು ಬೇರೆ ಹಳ್ಳಕ್ಕೆ ಕಳಿಸಿದರು. ಸಾಹೇಬನೇ ಮೂರು ದಿನ ಹೊಟ್ಟೆಯ ಮೇಲೆ ಮಲಗಿ ಕುಂಚದಿಂದ ಮಣ್ಣು ಗುಡಿಸಿದ. ನಾನು ಪಕ್ಕದಲ್ಲಿ ದಫ್ತರ ಹಿಡಿದು ಕೂತಿದ್ದೆ.

ಅವನು ಹೇಳುತ್ತಿದ್ದ, ನಾನು ಬರೆಯುತ್ತಿದ್ದೆ.

ಹೆಂಗಸು. ವಯಸ್ಸಾದವಳು. ಬಲಮಗ್ಗುಲಿಗೆ ಮಲಗಿದ್ದಾಳೆ. ಮುಖ ನೈಋತ್ಯಕ್ಕೆ.

ನನ್ನ ಲೇಖನಿ ಅಲ್ಲಿ ನಿಂತಿತು. ನಮ್ಮ ನೆಲದಿಂದ ಮಕ್ಕಾ ನೈಋತ್ಯಕ್ಕಿದೆ. ನಮ್ಮವರನ್ನು ಹೂಳುವುದು ಬಲಮಗ್ಗುಲಿಗೆ, ಅತ್ತ ಮುಖ ಮಾಡಿ.

ತಲೆಬುರುಡೆಯ ಹತ್ತಿರ ಕೆಂಪಗಿನ ಎಳೆಗಳು. “ಬೇರು,” ಎಂದ ಸಾಹೇಬ. ಬೇರು ಎಂದು ಬರೆದೆ. ಮದರಂಗಿ ಹಚ್ಚಿದ ಮುದಿಗೂದಲು ಹೇಗಿರುತ್ತದೆ ಎಂದು ನನಗೆ ಗೊತ್ತಿತ್ತು. ನನ್ನ ಅಜ್ಜಿಯ ತಲೆ ಬಾಚಿದವನು ನಾನು.

ಕೆನ್ನೆಯ ಕೆಳಗೆ ಮಣ್ಣಿನ ಬಿಲ್ಲೆ. ದುಂಡಗಿನದು, ಸುಡದೆ ಇದ್ದದ್ದು. “ಬಿಲ್ಲೆ, ಒಂದು. ಬಳಕೆ ತಿಳಿಯದು,” ಎಂದ. ಅದನ್ನೂ ಬರೆದೆ. ಅಂಥದೇ ಬಿಲ್ಲೆ ನನ್ನ ಜೇಬಿನಲ್ಲಿತ್ತು. ಕರ್ಬಲಾದ ಮಣ್ಣು. ಬದುಕಿದವರು ನಮಾಜಿನಲ್ಲಿ ಅದರ ಮೇಲೆ ಹಣೆ ಇಡುತ್ತೇವೆ. ಸತ್ತವರ ಕೆನ್ನೆಯ ಕೆಳಗೆ ಅದನ್ನು ಇಡುತ್ತೇವೆ.

ನಾನು ಸುಮ್ಮನಿದ್ದೆ. ಯಾರದೋ ಹೆಣ, ಯಾರೂ ಕೇಳಿ ಬಂದಿಲ್ಲ, ಎಂದುಕೊಂಡೆ. ನನ್ನ ಜೊತೆಗಿದ್ದ ಇನ್ನೊಬ್ಬ ಗುಮಾಸ್ತ, ಸಾಹೇಬನ ಲೆಕ್ಕಾಚಾರ ತಪ್ಪೆಂದು ಒಮ್ಮೆ ಹೇಳಿ, ಅದೇ ಸಂಜೆ ಕೆಲಸ ಕಳೆದುಕೊಂಡು ಊರಿಗೆ ನಡೆದಿದ್ದ. ಕಾರಣ ಇಷ್ಟೇ. ಇದನ್ನು ದೊಡ್ಡದು ಮಾಡಿ ಹೇಳಿದರೂ ಇಷ್ಟೇ ಉಳಿಯುತ್ತದೆ.

ಚಾಪೆಯ ಮೇಲೆ ಬಿಸಿ ಮೇಣ ಸುರಿದು ಗಟ್ಟಿ ಮಾಡಿದರು. ಎಲುಬುಗಳನ್ನು ಒಂದೊಂದಾಗಿ ಹತ್ತಿಯಲ್ಲಿ ಸುತ್ತಿದರು. ಗೋರಿ ನೂರಾ ಹನ್ನೆರಡು. ಪೆಟ್ಟಿಗೆ ನಲವತ್ತೊಂದು.

ದಿಬ್ಬದ ಮೇಲೆ ನಮ್ಮವರ ಗೋರಿಗಳೂ ಇದ್ದವು. ಇದು ಸಾಹೇಬನಿಗೆ ಗೊತ್ತಿಲ್ಲದ ಸಂಗತಿಯಲ್ಲ. ಸತ್ತವರನ್ನು ನಜಫಿಗೆ ಒಯ್ದು ಇಮಾಮರ ಸನ್ನಿಧಿಯಲ್ಲಿ ಹೂಳಬೇಕು ಎನ್ನುವುದು ಇಲ್ಲಿನ ಬಡವನಿಗೂ ಇರುವ ಒಂದೇ ದೊಡ್ಡ ಆಸೆ. ಹಸಿ ಹೆಣ ಒಯ್ಯುವಂತಿಲ್ಲ, ಮೂರು ವರ್ಷ ಒಣಗಬೇಕು, ಚೀಟಿ ಬೇಕು ಎಂದು ಸರ್ಕಾರದ ಕಾನೂನು. ಅದಕ್ಕೆ ಅಲ್ಲಿಯವರೆಗೆ ದಿಬ್ಬದಲ್ಲಿ ಅಮಾನತ್ತು ಇಡುತ್ತಾರೆ. ಮಣ್ಣು ಮುಚ್ಚುವಾಗ ಮಗನೋ ಮಗಳೋ ಮಣ್ಣಿಗೆ ಕೇಳುವಂತೆ ಹೇಳಬೇಕು: “ಮಣ್ಣೇ, ಇದು ನಿನಗೆ ಕೊಟ್ಟದ್ದಲ್ಲ. ನಿನ್ನ ಹತ್ತಿರ ಇಟ್ಟದ್ದು.”

ವಬ್ರಿಯ್ಯಾ ಯುದ್ಧದ ವರ್ಷ ಕಾಲರಾದಲ್ಲಿ ಹೋದಳು. ಮೂರು ವರ್ಷ ಕಾದರು. ಆಮೇಲೆ ದಂಗೆಯೆದ್ದು ದಾರಿ ಮುಚ್ಚಿತು. ಆಮೇಲೆ ಕತ್ತೆ ಸತ್ತಿತು. ಒಂಬತ್ತು ವರ್ಷವಾಯಿತು. ಈ ವಸಂತಕ್ಕೆ ಖಂಡಿತ ಎಂದು ಹರಕೆ ಹೊತ್ತು, ಆ ಖರ್ಚಿಗೆಂದೇ ಜಬಾಲಾ ಅಗೆತಕ್ಕೆ ಸೇರಿದ್ದ.

ಅಗೆತ ಶುರುವಾಗುವ ಮೊದಲು ಸಾಹೇಬ ಊರಿನ ಮುಖಂಡ ಶೇಖನಿಗೆ ಮಾತು ಕೊಟ್ಟಿದ್ದ: ಗುರುತಿರುವ ಯಾವ ಗೋರಿಯನ್ನೂ ಮುಟ್ಟುವುದಿಲ್ಲ. ಮಾತನ್ನು ದಾಟಿಸಿದವನು ನಾನೇ.

ನಮ್ಮವರ ಗುರುತೆಂದರೆ ಇಟ್ಟಿಗೆ. ದಿಬ್ಬದಲ್ಲೇ ಬಿದ್ದಿರುವ ಹಳೆಯ ಸುಟ್ಟ ಇಟ್ಟಿಗೆಯನ್ನು ತಲೆಯ ಕಡೆ ನೆಟ್ಟಗೆ ನೆಡುತ್ತಾರೆ. ಅವುಗಳಿಗೆ ಮೊಳೆಯಂಥ ಬರಹ ಒತ್ತಿರುತ್ತದೆ. ಯಾವನೋ ಅರಸನ ಹೆಸರು. ಅಗೆತದ ಮೊದಲ ವಾರ ಸಾಹೇಬ ಬರಹದ ಇಟ್ಟಿಗೆಗಳನ್ನೆಲ್ಲ ಎತ್ತಿಸಿದ. ಮೂವತ್ತೊಂದು. ನಾನು ಪ್ರತಿಯೊಂದಕ್ಕೂ ಬಿಳಿ ಬಣ್ಣದಲ್ಲಿ ಸಂಖ್ಯೆ ಬರೆದೆ. ಆಮೇಲೆ ದಿಬ್ಬದಲ್ಲಿ ಗುರುತಿರುವ ಗೋರಿ ಒಂದೂ ಉಳಿಯಲಿಲ್ಲ. ಸಾಹೇಬ ಮಾತಿಗೆ ತಪ್ಪಲಿಲ್ಲ.

ಜಬಾಲಾ ಆಗ ಕಾಲುವೆ ಕೆಲಸಕ್ಕೆ ಹೋಗಿದ್ದ. ತಿರುಗಿ ಬಂದಾಗ ದಿಬ್ಬದ ಮುಖವೇ ಬೇರೆಯಾಗಿತ್ತು. ಮೇಲಿನ ಆಳೆತ್ತರದ ಮಣ್ಣು ಹೋಗಿತ್ತು. “ನಿಮ್ಮೋರ ಗೋರಿಗಳು ಆ ಕಂಬಿಯ ಕೆಳಗೆ ಭದ್ರವಾಗಿವೆ,” ಎಂದಿದ್ದ ಮೇಸ್ತ್ರಿ ಖಲಫ್. ಅವನು ಉತ್ತರದ ಊರಿನವನು, ಅವನ ಸತ್ತವರು ಇಲ್ಲಿರಲಿಲ್ಲ. ಜಬಾಲಾ ನಂಬಿದ. ಕಂಬಿ ದಾಟುವಾಗಲೆಲ್ಲ ಬಗ್ಗಿ ನೆಲ ಮುಟ್ಟಿ ಎದೆಗೆ ಒತ್ತಿಕೊಳ್ಳುತ್ತಿದ್ದ.

ನಾಲ್ಕನೆಯ ದಿನ ಮಧ್ಯಾಹ್ನ ಬಾಶಿಯಾ ರೊಟ್ಟಿಯ ತಟ್ಟೆ ಹೊತ್ತು ಉಗ್ರಾಣದ ಬಾಗಿಲಿಗೆ ಬಂದಳು. ಒಳಗೆ ಪೆಟ್ಟಿಗೆಗಳು ಸಾಲಾಗಿದ್ದವು. ನಲವತ್ತೊಂದರ ಮುಚ್ಚಳ ಇನ್ನೂ ಹೊಡೆದಿರಲಿಲ್ಲ.

“ಅದೇನು ಅಫಂದಿ, ಮೇಣ ಹಾಕಿ ಇಟ್ಟಿದ್ದೀರಿ? ಯಾರಾದ್ರೂ ತಿಂತಾರಾ?”

“ಚಾಪೆ ಅಕ್ಕ. ಹಳೇದು. ನಾಲ್ಕೂವರೆ ಸಾವಿರ ವರ್ಷ.”

ಅವಳು ತಟ್ಟೆ ಇಳಿಸಿ ಹತ್ತಿರ ಬಂದಳು. ಹೆಣೆಯುವವರು ಹೆಣಿಗೆ ನೋಡದೆ ಹೋಗುವುದಿಲ್ಲ. ಮೊದಲು ಮೂಗು ಮುರಿದಳು. ಆಮೇಲೆ ಕೂತಳು. ಚಾಪೆಯ ಅಂಚಿನ ಮೇಲೆ ಬೆರಳು ಎಳೆಯುತ್ತ ಹೋದಳು. ಒಂದು ಕಡೆ ಬೆರಳು ನಿಂತಿತು.

“ಈ ಅಂಚು ಯಾರು ಕಟ್ಟಿದ್ದು?”

“ಹಳೇ ಕಾಲದೋರು.”

“ಎರಡು ಮೇಲೆ, ಒಂದು ಕೆಳಗೆ, ಆಮೇಲೆ ಒಳಕ್ಕೆ ಮಡಚಿ ಗಂಟು. ಇಡೀ ಊರಲ್ಲಿ ಹೀಗೆ ಯಾರೂ ಕಟ್ಟಲ್ಲ ಅಫಂದಿ. ನನ್ನ ಎಡಗೈ ಹೆಬ್ಬೆರಳು ಸೊಟ್ಟ. ಅದಕ್ಕೆ ನಾನು ಹೀಗೆ ಕಟ್ಟೋದು.”

ಹೆಬ್ಬೆರಳು ಎತ್ತಿ ತೋರಿಸಿದಳು. ಸೊಟ್ಟಗಿತ್ತು.

ನಾನು ಪೆಟ್ಟಿಗೆಯ ಮುಚ್ಚಳಕ್ಕೆ ಕೈ ಹಾಕಿದೆ.

“ಇದರೊಳಗೆ ಏನಿತ್ತು?”

ಹತ್ತಿಯ ಮೇಲಿದ್ದ ಬಿಲ್ಲೆಯನ್ನು ಅವಳೇ ನೋಡಿದಳು. ಎತ್ತಿ ಮೂಸಿದಳು. ನನ್ನ ಮುಖ ನೋಡಿದಳು.

“ನೀವು ನಮಾಜ್ ಮಾಡೋರಲ್ವಾ ಅಫಂದಿ? ಹಣೆ ಯಾವುದ್ರ ಮೇಲೆ ಇಡ್ತೀರಿ?”

ನನ್ನ ಕೈ ಜೇಬಿನಲ್ಲಿದ್ದ ಬಿಲ್ಲೆಯ ಮೇಲೆ ಹೋಯಿತು. ಅವಳು ಕೂಗಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ. ಬಿಲ್ಲೆಯನ್ನು ಇದ್ದಲ್ಲೇ ಇಟ್ಟು ಹಳ್ಳದ ಕಡೆ ನಡೆದಳು. ರೊಟ್ಟಿ ಅಲ್ಲೇ ಆರಿತು.

ಜಬಾಲಾ ಬಂದದ್ದು ಗುದ್ದಲಿ ಬಿಟ್ಟು, ಬರಿಗೈಯಲ್ಲಿ. ಸೀದಾ ಸಾಹೇಬನ ಕೋಣೆಗೆ ಹೋದ. ಹಿಂದೆ ಬಾಶಿಯಾ, ಅವಳ ಹಿಂದೆ ನಾನು. ಸಾಹೇಬ ಪತ್ರ ಬರೆಯುತ್ತಿದ್ದ. ಮೇಜಿನ ಮೇಲೆ ಕಾಗದ ಹಾರದಂತೆ ಒಂದು ಇಟ್ಟಿಗೆ ಇತ್ತು. ಅರಸನ ಬರಹದ ಪಕ್ಕದಲ್ಲಿ ನಾಯಿಯ ಹೆಜ್ಜೆ. ಇಟ್ಟಿಗೆ ಹಸಿಯಾಗಿದ್ದಾಗ ಯಾವುದೋ ನಾಯಿ ತುಳಿದು ಹೋದದ್ದು. ಸಾಹೇಬನಿಗೆ ಅದೆಂದರೆ ಬಹಳ ಇಷ್ಟ. ಬಂದವರಿಗೆಲ್ಲ ತೋರಿಸುತ್ತಿದ್ದ.

ಜಬಾಲಾ ಅದನ್ನು ನೋಡಿ ನಿಂತುಬಿಟ್ಟ.

“ಇದು ನಮ್ಮವ್ವನ ತಲೆಗಲ್ಲು,” ಎಂದ.

ನಾನು ದಾಟಿಸಿದೆ. ಸಾಹೇಬ ಲೇಖನಿ ಇಟ್ಟ. “ಇದರ ಮೇಲೆ ಅರಸನ ಹೆಸರಿದೆ ಅಂತ ಅವನಿಗೆ ಹೇಳು.”

“ಅರಸನ ಹೆಸರು ಓದೋಕೆ ನಮಗೆ ಬರಲ್ಲ. ನಾಯಿ ಹೆಜ್ಜೆ ಓದೋಕೆ ಬರುತ್ತೆ. ಅದಕ್ಕೇ ಇದನ್ನ ಆರಿಸಿದ್ದು. ನರಿ ಕೆರೀಬಾರದು ಅಂತ ಎರಡಾಳು ಆಳ ತೋಡಿದ್ವಿ. ನಮ್ಮವ್ವನ್ನ ಕೊಡಿ ಸಾಹೇಬ್ರೇ.”

ಸಾಹೇಬ ಕೆಟ್ಟವನಂತೆ ಮಾತಾಡಲಿಲ್ಲ. ಮೆಲ್ಲಗೇ ಹೇಳಿದ. ಐದು ಸಾವಿರ ವರ್ಷದಿಂದ ಇಲ್ಲಿ ಚಾಪೆ ಹೆಣೆಯುವ ರೀತಿ ಬದಲಾಗಿಲ್ಲ, ಅದೇ ಈ ನೆಲದ ಸೊಗಸು, ಪಾಪ, ಆಕೆಗೆ ಗೊಂದಲವಾಗಿದೆ, ಎಂದ. ಆಮೇಲೆ ನನ್ನ ಕಡೆ ತಿರುಗಿದ.

“ದಫ್ತರ ಏನು ಹೇಳುತ್ತೆ, ಹಿಕ್ಮತ್? ಈ ಕಾಲದ್ದು ಅನ್ನೋಕೆ ಏನಾದರೂ ಸಿಕ್ಕಿದೆಯಾ?”

ಪುಟ ತೆರೆದೆ. ನನ್ನದೇ ಅಕ್ಷರ. ಮುಖ ನೈಋತ್ಯಕ್ಕೆ. ಬೇರು. ಬಿಲ್ಲೆ, ಒಂದು. ಜಬಾಲಾನಿಗೆ ಆ ಭಾಷೆ ಬರುವುದಿಲ್ಲ. ಅವನು ನನ್ನ ಬಾಯಿಯನ್ನೇ ನೋಡುತ್ತಿದ್ದ.

“ಏನೂ ಇಲ್ಲ, ಸರ್,” ಎಂದೆ.

“ನಾಳೆ ಬೆಳಿಗ್ಗೆ ಪೆಟ್ಟಿಗೆಗಳು ಸ್ಟೇಷನ್ನಿಗೆ ಹೋಗುತ್ತವೆ ಅಂತ ಹೇಳಿಬಿಡು.”

ಅದನ್ನು ಮಾತ್ರ ಒಂದಕ್ಷರ ಬಿಡದೆ ದಾಟಿಸಿದೆ.

ಜಬಾಲಾ ಇಟ್ಟಿಗೆಯ ಕಡೆ ಕೈ ಚಾಚಿದ. ಸಾಹೇಬ ಖಲಫನನ್ನು ಕೂಗಿದ.

ದಿನವೂ ಸಂಜೆ ಆಳುಗಳನ್ನು ಶೋಧಿಸುತ್ತಾರೆ. ಸಾಲಾಗಿ ನಿಂತು ಬಾಯಿ ತೆರೆಯಬೇಕು, ನಾಲಿಗೆ ಎತ್ತಬೇಕು, ಅಂಗೈ ತೋರಿಸಬೇಕು. ಮಣಿಯೋ ಮುದ್ರೆಯೋ ಕದ್ದಿದ್ದಾರೇನೋ ಎಂದು. ಹಿರಿಯ ಗುದ್ದಲಿಯವರ ತಲೆಗೆ ಮಾತ್ರ ಯಾರೂ ಕೈ ಹಾಕುತ್ತಿರಲಿಲ್ಲ. ಆ ಸಂಜೆ ಖಲಫ್ ಜಬಾಲಾನನ್ನು ಸಾಲಿನ ಮುಂದೆ ನಿಲ್ಲಿಸಿದ.

“ರುಮಾಲು ತೆಗಿ.”

ಜಬಾಲಾ ಅಲುಗಲಿಲ್ಲ. ಖಲಫ್ ಅದನ್ನು ಕಿತ್ತ. ನಮ್ಮಲ್ಲಿ ಗಂಡಸಿನ ರುಮಾಲು ಅವನ ತಲೆಯಿಂದ ಇಳಿಯುವುದು ಹಾಸಿಗೆಯಲ್ಲಿ, ಇಲ್ಲ ಹೆಣದ ಹಲಗೆಯ ಮೇಲೆ. ನೂರಾ ಎಂಬತ್ತು ಜನರ ಮುಂದೆ ಅವನ ಬೋಳು ನೆತ್ತಿ ಕಂಡಿತು.

“ಅಂಗಿ ಎತ್ತು. ಅವ್ವನ ಎಲುಬು ಎಲ್ಲಿ ಬಚ್ಚಿಟ್ಟಿದ್ದೀಯೋ ನೋಡ್ಬೇಕಲ್ಲ.”

ಅಂಗಿ ಎತ್ತಿಸಿದ. ಬೆನ್ನು ಕಂಡಿತು. ಬುಟ್ಟಿಯ ಹಗ್ಗ ಕೊರೆದ ಎರಡು ಗೀರು, ಅದರಲ್ಲಿ ಬೆಳ್ಳಗೆ ಉಪ್ಪು. ಕಂಕುಳಲ್ಲಿ ಬೆರಳು ಹಾಕಿ ನೋಡಿದ. ಬಾಯಿಗೆ ಬೆರಳು ಹಾಕಿ ದವಡೆ ಎಳೆದು ನೋಡಿದ. ಸೊಂಟದಲ್ಲಿದ್ದ ರೊಟ್ಟಿಯನ್ನು ಮುರಿದು ನೋಡಿ ಮಣ್ಣಿಗೆ ಹಾಕಿದ.

ಯಾರೂ ನಗಲಿಲ್ಲ. ಜಬಾಲಾ ರುಮಾಲು ಎತ್ತಿಕೊಳ್ಳಲೂ ಇಲ್ಲ. ಬರಿದಲೆಯಲ್ಲೇ ನಡೆದು ಹೋದ. ಸಾಲು ಅವನ ಹಿಂದೆ ಹೋಯಿತು. ರುಮಾಲು ಅಲ್ಲೇ ಬಿದ್ದಿತ್ತು. ಅದನ್ನು ಎತ್ತಿ ಮಡಚಿ ಇಟ್ಟವನು ನಾನು. ಅಷ್ಟೇ ಮಾಡಿದೆ.

ಬೆಳಿಗ್ಗೆ ಪಡುವಣ ದಿಕ್ಕು ಕೆಂಪಗಿತ್ತು. ಧೂಳಿಗಾಳಿ ಬರುವ ಬಣ್ಣ. ಮೇಸ್ತ್ರಿಯ ಸೀಟಿಗೆ ಮೊದಲೇ ಆಳುಗಳು ಬಂದಿದ್ದರು. ಒಬ್ಬನೂ ಹಾಡುತ್ತಿರಲಿಲ್ಲ. ಹಾಡಿಲ್ಲದ ಸಾಲನ್ನು ನಾನು ಅದೇ ಮೊದಲು ನೋಡಿದ್ದು. ನೂರಾ ಎಂಬತ್ತು ಜನರ ಹೆಜ್ಜೆ ಮಾತ್ರ ಕೇಳುತ್ತಿತ್ತು.

ಬುಟ್ಟಿ ಎತ್ತಿಕೊಂಡರು. ಆದರೆ ಹಳ್ಳಕ್ಕೆ ಇಳಿಯಲಿಲ್ಲ. ಎರಡು ವರ್ಷ ಹೊತ್ತು ಹಾಕಿದ ಮಣ್ಣಿನ ಗುಡ್ಡೆಗೆ ಹೋದರು. ಜಬಾಲಾ ಬರಿದಲೆಯಲ್ಲಿ ಅದರ ಬುಡದಲ್ಲಿ ನಿಂತು ಸಲಿಕೆಯಿಂದ ಬುಟ್ಟಿ ತುಂಬಿದ. ಮೊದಲನೆಯವನು ಹೊತ್ತು ಬಂದು ಅರಮನೆಯ ಅಂಗಳಕ್ಕೆ ಸುರಿದ. ಎರಡನೆಯವನು ಸುರಿದ. ಮೂರನೆಯವನು ಸುರಿದ. ಮೆಟ್ಟಿಲ ಮೇಲೆ, ಕಂಬಗಳ ಬುಡದ ಮೇಲೆ, ಅರಸನು ಕೂತಿದ್ದನೆಂದು ಸಾಹೇಬ ಹೇಳುವ ಜಗಲಿಯ ಮೇಲೆ ಮಣ್ಣು ಬಿತ್ತು.

“ಏ ಕತ್ತೆಗಳಾ!” ಖಲಫ್ ಸೀಟಿ ಊದಿ ಊದಿ ಕೆಮ್ಮಿದ. “ಮಣ್ಣು ಆಚೆ ಹಾಕೋದು ಕಣ್ರೋ, ಒಳಗಲ್ಲ!”

“ಎರಡು ವರ್ಷ ಆಚೆ ಹಾಕಿದ್ವಲ್ಲ ಮೇಸ್ತ್ರಿ,” ಎಂದ ಸಾಲಿನಲ್ಲೊಬ್ಬ, ನಿಲ್ಲದೆ. “ದಾರಿ ಮರೆತೋಯ್ತು.”

ಸಾಹೇಬ ಅರ್ಧ ಕ್ಷೌರದ ಮುಖದಲ್ಲೇ ಬಂದ. ಹಳ್ಳದ ಅಂಚಿನಲ್ಲಿ ನಿಂತು ಕೈ ಎತ್ತಿದ. ಯಾರೂ ನಿಲ್ಲಲಿಲ್ಲ. ಅವನ ಕಾಲಿನ ಪಕ್ಕದಲ್ಲೇ ಬುಟ್ಟಿಗಳು ಬೋರಲಾದವು.

“ನಿಲ್ಲಿಸೋಕೆ ಹೇಳು, ಹಿಕ್ಮತ್. ನಿಲ್ಲಿಸದವನು ಮತ್ತೆ ಇಲ್ಲಿ ಕಾಲಿಡಬಾರದು ಅಂತ ಹೇಳು. ಠಾಣೆಗೆ ಮೋಟಾರು ಕಳಿಸ್ತೀನಿ ಅಂತ ಹೇಳು.”

ನಾನು ಬಾಯಿ ತೆರೆದೆ. ಎದುರಿಗೆ ಮಣ್ಣಿನ ಗುಡ್ಡೆಯ ಬುಡದಲ್ಲಿ ಬರಿದಲೆ. ಅವನು ಮತ್ತೆ ನನ್ನ ಬಾಯಿಯನ್ನೇ ನೋಡುತ್ತಿದ್ದ.

“ಹೇಳು ಅಂದೆ.”

“ಹೇಳೋದಿಲ್ಲ,” ಎಂದೆ. ಎರಡೂ ಭಾಷೆಯಲ್ಲಿ ಹೇಳಿದೆ.

ಸಾಹೇಬ ನನ್ನನ್ನು ಮೊದಲ ಸಲ ನೋಡಿದವನಂತೆ ನೋಡಿದ. ಆಮೇಲೆ ಮೋಟಾರು ಸ್ಟಾರ್ಟ್ ಆದ ಸದ್ದು ಕೇಳಿಸಿತು.

ಉಗ್ರಾಣದ ಬೀಗದ ಕೈ ನನ್ನ ಹತ್ತಿರವೇ ಇತ್ತು. ಬಾಶಿಯಾ ಬಾಗಿಲಲ್ಲಿ ಯಾರನ್ನೋ ಕೇಳಿ ತಂದ ಕತ್ತೆ ಹಿಡಿದು ಕಾಯುತ್ತಿದ್ದಳು. ಹೊಸ ಚಾಪೆ ತಂದಿದ್ದಳು. ರಾತ್ರಿ ಹೆಣೆದದ್ದು, ಜೊಂಡು ಇನ್ನೂ ಹಸಿರಾಗಿತ್ತು. ನಾನು ಪೆಟ್ಟಿಗೆ ನಲವತ್ತೊಂದರ ಮುಚ್ಚಳ ಮೀಟಿದೆ. ಮೊಳೆಯೊಂದು ಹಾರಿ ಅಂಗೈ ಸೀಳಿತು. ಹತ್ತಿ ಬಿಡಿಸಿ ಒಂದೊಂದೇ ಎಲುಬು ಕೊಟ್ಟೆ. ಅವಳು ಒಂದೊಂದೇ ಇಸಿದುಕೊಂಡು ಇಟ್ಟಳು. ಕಾಲಿನ ಚಿಕ್ಕ ಎಲುಬುಗಳನ್ನು ಎಣಿಸುವಂತೆ ಮುಟ್ಟಿ ಮುಟ್ಟಿ ನೋಡಿದಳು. “ಅಷ್ಟು ದೂರ ನಡೆದು ಜೊಂಡು ಕುಯ್ದ ಕಾಲು,” ಎಂದಳು. ಕೊನೆಗೆ ತಲೆ. ತಲೆಯ ಕೆಳಗೆ ಬಿಲ್ಲೆ. ಸಾಹೇಬನ ಮೇಜಿನಿಂದ ನಾನು ಇಟ್ಟಿಗೆ ತಂದುಕೊಟ್ಟೆ.

ದಾರಿಯಲ್ಲಿ ಸೇತುವೆಯ ಹತ್ತಿರ ಸರ್ಕಾರದವರು ಚೀಟಿ ಕೇಳುತ್ತಾರೆ, ಒಣ ಹೆಣ ಎನ್ನುವುದಕ್ಕೆ. ಅವಳ ಹತ್ತಿರ ಚೀಟಿ ಇರಲಿಲ್ಲ. ಪೆಟ್ಟಿಗೆಗೆ ಕಟ್ಟಿದ್ದ, ವಿವರ ಬರೆದ ರಟ್ಟನ್ನು ಅವಳು ಹಲ್ಲಿನಿಂದ ಕಡಿದು ಬಿಡಿಸಿದಳು.

“ಇದರಲ್ಲಿ ಎಷ್ಟು ವರ್ಷ ಅಂತ ಬರೆದಿದ್ದೀರಿ?”

“ನಾಲ್ಕೂವರೆ ಸಾವಿರ.”

“ಅವರಿಗೆ ಮೂರು ಸಾಕು,” ಎಂದಳು. “ಇದನ್ನೇ ತೋರಿಸ್ತೀನಿ. ಸಾಹೇಬನ ಸಹಿ ಇದೆಯಲ್ಲ. ಇಷ್ಟು ಒಣಗಿದ ಹೆಣ ಅವರು ಎಲ್ಲಿ ನೋಡಿರ್ತಾರೆ!”

ಕತ್ತೆಯನ್ನು ಹಳ್ಳದ ಹಿಂಬದಿಯಿಂದ ಕಾಲುವೆಯ ದಾರಿಗೆ ಹೊಡೆದಳು. ಗುಡ್ಡೆಯ ಹತ್ತಿರ ಒಮ್ಮೆ ನಿಂತಳು.

“ಬಾರೋ ತಮ್ಮ.”

ಜಬಾಲಾ ಚಾಪೆಯ ಸುರುಳಿಗೆ ಹಣೆ ಒತ್ತಿದ. ಮತ್ತೆ ಸಲಿಕೆ ಹಿಡಿದ.

“ನೀನು ಹೋಗು ಅಕ್ಕ. ಇಲ್ಲಿ ಇನ್ನೂ ಮೂವತ್ತು ಜನ ಇದ್ದಾರೆ.”

ಅವಳು ಹೋದಳು. ಮೊದಲು ಕತ್ತೆ ಮರೆಯಾಯಿತು, ಆಮೇಲೆ ಅವಳ ಕಪ್ಪು ಹೊದಿಕೆ.

ನಾನು ದಫ್ತರ ತಂದು ಉಗ್ರಾಣದ ಬಾಗಿಲಲ್ಲೇ ಕೂತೆ. ಗೋರಿ ನೂರಾ ಹನ್ನೆರಡರ ಸಾಲುಗಳನ್ನು ಹೊಡೆದು ಹಾಕಿದೆ. ಕೆಳಗೆ ನಮ್ಮ ಅಕ್ಷರದಲ್ಲಿ ಬರೆದೆ: ವಬ್ರಿಯ್ಯಾ, ಬಾಶಿಯಾ ಮತ್ತು ಜಬಾಲಾರ ತಾಯಿ. ಅಮಾನತ್ತು. ಅಂಗೈಯ ರಕ್ತ ಪುಟಕ್ಕೆ ಹತ್ತಿತು.

ಪಡುವಣದಲ್ಲಿ ಧೂಳು ಗೋಡೆಯಂತೆ ಏಳುತ್ತಿತ್ತು. ಠಾಣೆಯ ರಸ್ತೆಯಲ್ಲಿ ಇನ್ನೊಂದು ಧೂಳು, ಸಣ್ಣದು, ನೆಟ್ಟಗೆ ನಮ್ಮ ಕಡೆಗೇ ಬರುತ್ತಿತ್ತು. ಯಾವುದು ಮೊದಲು ಮುಟ್ಟುತ್ತದೋ ತಿಳಿಯಲಿಲ್ಲ. ಸಾಲು ನಿಲ್ಲಲಿಲ್ಲ.

ಆಗ ಒಬ್ಬ ಸಾಲಿನಿಂದ ಹೊರಗೆ ಬಂದ. ಮುಹೈಬಿಸ್ ಎಂಬ ಮುದುಕ. ಎರಡು ವರ್ಷ ನನ್ನ ಮುಂದೆ ಮಣ್ಣು ಹೊತ್ತವನು, ಒಂದು ಮಾತೂ ಆಡಿದವನಲ್ಲ. ಬುಟ್ಟಿ ಇಳಿಸಿ ನನ್ನೆದುರು ಕುಕ್ಕರಗಾಲಲ್ಲಿ ಕೂತ.

“ಅಫಂದಿ, ನಮ್ಮ ಹುಡುಗೀದು ಒಂದಿತ್ತು. ಮೂಲೆ ಮುರಿದ ಇಟ್ಟಿಗೆ. ಅಲ್ಲಿ ಸಾಲಲ್ಲಿ ಇಟ್ಟಿದ್ದೀರಲ್ಲ, ಒಳಗೆ, ನೋಡಿದ್ದೀನಿ. ಅದನ್ನ ದಿಬ್ಬದಲ್ಲಿ ಎಲ್ಲಿಂದ ಎತ್ತಿದ್ರಿ ಅಂತ ಬರೆದಿರ್ತೀರಲ್ವಾ? ನೀವು ಎಲ್ಲಾ ಬರೀತೀರಿ.”

ಹಿಂದಿನ ಪುಟಗಳಿಗೆ ಹೋದೆ. ಮೊದಲ ವಾರ. ಮೂವತ್ತೊಂದು ಇಟ್ಟಿಗೆ, ಮೂವತ್ತೊಂದು ಸಾಲು. ಉದ್ದ, ಅಗಲ, ದಪ್ಪ, ಅರಸನ ಹೆಸರು. ಸಿಕ್ಕ ಜಾಗ ಎನ್ನುವಲ್ಲಿ ಪ್ರತಿ ಸಾಲಿನಲ್ಲೂ ನನ್ನ ದುಂಡಗಿನ ಅಕ್ಷರದಲ್ಲಿ ಒಂದೇ ಮಾತು: ಮೇಲ್ಮೈ.

“ಎಲ್ಲಿ, ಅಫಂದಿ?” ಎಂದ ಮುಹೈಬಿಸ್.

ಅವನ ಹಿಂದೆ ಇನ್ನೊಬ್ಬ ಬಂದು ಬುಟ್ಟಿ ಇಳಿಸಿದ. ಅವನ ಹಿಂದೆ ಮತ್ತೊಬ್ಬ.